ಹಸಿರು ಚಾಪೆಯ ಮನೆಗೆ ಹಡಗಿನ ನೆಂಟರು

ಸೌದಿಗೆ ಹೋಗುವವರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿ, ಒಣಮೀನು ಇರುವುದು ನಮ್ಮ ಕಡೆಯ ರೂಢಿ. ನನ್ನ ಪೆಟ್ಟಿಗೆಯಲ್ಲಿ ಒಂದು ಚಾಪೆಯೂ ಇತ್ತು. ಹಸಿರು ಬಿಳಿ ಪಟ್ಟೆಯ, ಮಡಚಿ ಇಡುವಂಥ ಪ್ಲಾಸ್ಟಿಕ್ ಚಾಪೆ. ಅಂಚಿನ ಹೊಲಿಗೆ ಬಿಟ್ಟಲ್ಲೆಲ್ಲ ಆಯಾ ಕಾಲಕ್ಕೆ ಕೈಗೆ ಸಿಕ್ಕಿದ ಬಣ್ಣದ ನೂಲಿನಲ್ಲಿ ಹೊಲಿದಿದ್ದೇನೆ. ಯಾನ್ಬುವಿನಲ್ಲಿ ಮಗನ ಮನೆ ತಲುಪಿ ಪೆಟ್ಟಿಗೆ ತೆರೆದಾಗ ಅವನು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದ.

"ಉಮ್ಮಾ, ಸೌದಿಯಲ್ಲಿ ಚಾಪೆ ಸಿಗುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಇದು ಸೌದಿಯದ್ದೇ. ನಿನ್ನ ಉಪ್ಪ ರಿಯಾದಿನ ಬತ್ಹಾ ಬಜಾರಿನಲ್ಲಿ ತಗೊಂಡದ್ದು. ವಾಪಸ್ ತಂದದ್ದು ಅಷ್ಟೇ."

"ಅದಕ್ಕೂ ವೀಸಾ ಮಾಡ್ಸಿದ್ರಾ?"

ಮಾತು ಸುಳ್ಳಲ್ಲ. ನಾನೂ ಚಾಪೆಯೂ ಒಂದೇ ದಿನ ಈ ದೇಶದಿಂದ ಎಕ್ಸಿಟ್ ಹೋದವರು. ಇಷ್ಟು ವರ್ಷಗಳ ಮೇಲೆ ಒಟ್ಟಿಗೇ ವಿಸಿಟ್ ವೀಸಾದಲ್ಲಿ ಬಂದಿದ್ದೆವು. ಮೂರನೆಯವರು ಬರಲಿಲ್ಲ. ನನ್ನ ಗಂಡ ಕಳೆದ ವರ್ಷದಿಂದ ಊರಿನ ಮಸೀದಿಯ ಪಕ್ಕದಲ್ಲಿ ಮಲಗಿದ್ದಾರೆ.

ಚಾಂದ್ರಮಾನದ ಲೆಕ್ಕದಲ್ಲಿ ಅವರ ವರ್ಷದ ದಿನ ಹತ್ತಿರ ಬರುತ್ತಿತ್ತು. ಊರಿನಲ್ಲಾದರೆ ಉಸ್ತಾದರನ್ನು ಕರೆದು ಓದಿಸಿ, ನೆರೆಕರೆಯವರಿಗೆ ಊಟ ಹಾಕುತ್ತೇವೆ. ಅದನ್ನು ಮಗಳು ಅಲ್ಲಿ ಮಾಡುವವಳಿದ್ದಳು. ನಾನು ಇಲ್ಲಿ ಮಾಡಬೇಕೆಂದೆ.

"ಇಲ್ಲಿ ಹಾಗೆಲ್ಲ ಮಾಡುವ ಕ್ರಮ ಇಲ್ಲ ಉಮ್ಮಾ," ಎಂದ ಮಗ.

"ಊಟ ಮಾಡುವ ಕ್ರಮ ಉಂಟಲ್ಲ?"

"ಅದು ಉಂಟು."

"ನಂಗೆ ಅಷ್ಟು ಸಾಕು."

ನನಗೆ ಬೇಕಾಗಿದ್ದದ್ದು ದೊಡ್ಡ ವಿಷಯವಲ್ಲ. ನಾವು ಆಗ ಹೋಗುತ್ತಿದ್ದ ಕಡಲ ತೀರದಲ್ಲಿ, ನಮ್ಮ ಅದೇ ಜಾಗದಲ್ಲಿ ಈ ಚಾಪೆ ಹಾಸಬೇಕು. ನನಗೆ ಗುರುತೇ ಇಲ್ಲದ ಯಾರಾದರೂ ಒಬ್ಬರು ಬಂದು ಅದರ ಮೇಲೆ ಕುಳಿತು ನನ್ನ ಗಂಡನ ಹೆಸರಿನಲ್ಲಿ ಉಣ್ಣಬೇಕು. ಒಬ್ಬರು ಸಾಕು. ಆದರೆ ಗುರುತಿಲ್ಲದವರೇ ಆಗಬೇಕು. ಇದು ಏಕೆಂದು ತಿಳಿಯಬೇಕಾದರೆ ಹಿಂದಿನ ಮಾತು ಸ್ವಲ್ಪ ಹೇಳಬೇಕು.

ನನ್ನ ಗಂಡ ಯಾನ್ಬುವಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಮದುವೆಯಾಗಿ ಎರಡು ವರ್ಷಕ್ಕೆ ನನಗೂ ಇಕಾಮಾ, ಎಂದರೆ ಇಲ್ಲಿ ವಾಸಿಸುವ ಪರವಾನಗಿ, ಆಯಿತು. ಬಂದು ನೋಡಿದರೆ ಮನೆ ಎಂದರೆ ಅರ್ಧ ಮನೆ. ಒಂದು ಫ್ಲಾಟಿನಲ್ಲಿ ಎರಡು ಸಂಸಾರ, ನಡುವೆ ಪ್ಲೈವುಡ್ಡಿನ ಗೋಡೆ. ಆಚೆಯವರು ಭಟ್ಕಳದವರು, ಬಹಳ ಒಳ್ಳೆಯವರು. ಆದರೆ ಒಳ್ಳೆಯವರಾದರೂ ಗೊರಕೆ ಗೊರಕೆಯೇ. ಅಡುಗೆಮನೆ ಸರದಿಯ ಮೇಲೆ. ಅವರ ಮೀನು ಬೇಯುವವರೆಗೆ ನನ್ನ ಅಕ್ಕಿ ನೀರಿನಲ್ಲೇ ನೆನೆಯುತ್ತಿತ್ತು. ನಾನು ಗಂಡನಿಗೆ ಬೈಯಬೇಕೆಂದರೂ ಪಿಸುಮಾತಿನಲ್ಲೇ ಬೈಯಬೇಕು. ಪಿಸುಮಾತಿನಲ್ಲಿ ಬೈದರೆ ಸಿಟ್ಟು ಅರ್ಧವೇ ಇಳಿಯುತ್ತದೆ.

ಅದಕ್ಕೇ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದವರು ಕಂಪೆನಿಯ ಪಿಕಪ್ಪಿನಲ್ಲಿ ನನ್ನನ್ನೂ ಮಗುವನ್ನೂ ಕೂರಿಸಿಕೊಂಡು ಊರ ಹೊರಗಿನ ಕಡಲಿಗೆ ಹೋಗುತ್ತಿದ್ದರು. ಆ ತೀರದಲ್ಲಿ ಏನೂ ಇರಲಿಲ್ಲ. ಒಂದು ಮರ ಇಲ್ಲ, ಒಂದು ಗುಡಿಸಲಿಲ್ಲ. ಮರಳಿನಲ್ಲಿ ಅರ್ಧ ಹೂತ ಒಂದು ಕಾಂಕ್ರೀಟ್ ದಿಮ್ಮಿ ಮಾತ್ರ ಇತ್ತು. ಅದರ ತಲೆಯಿಂದ ಒಂದು ಕಬ್ಬಿಣದ ಸರಳು ಬಗ್ಗಿ ಹೊರಗೆ ಬಂದಿತ್ತು. ನನ್ನ ಗಂಡ ನಮ್ಮ ಚೀಲವನ್ನು ಅದಕ್ಕೆ ನೇತು ಹಾಕಿ, ದಿಮ್ಮಿಯ ನೆರಳಿನಲ್ಲಿ ಚಾಪೆ ಹಾಸಿ, "ಬಾ, ಮನೆಗೆ ಬಾ," ಎನ್ನುತ್ತಿದ್ದರು.

ಅವರಿಗೆ ಅದು ತಮಾಷೆಯೂ ಹೌದು, ತಮಾಷೆ ಅಲ್ಲದ್ದೂ ಹೌದು. ಚಾಪೆಯ ರಸ್ತೆ ಕಡೆಯ ಅಂಚಿನಲ್ಲಿ ತಮ್ಮ ಚಪ್ಪಲಿ ಬಿಟ್ಟು, ಅದರ ಪಕ್ಕದಲ್ಲಿ ನನ್ನದನ್ನೂ ಇಡಿಸುತ್ತಿದ್ದರು. ಅದು ಬಾಗಿಲು. ಉಳಿದ ಮೂರು ಅಂಚು ಗೋಡೆ. ಕಡಲ ಕಡೆಯದು ಹಿಂದಿನ ಗೋಡೆ. ದಿಮ್ಮಿಯ ಹತ್ತಿರ, ಗಾಳಿ ತಾಗದಲ್ಲಿ ಅಡುಗೆಮನೆ. ಮಗು ಮಲಗುವ ಮೂಲೆ ಬೆಡ್‌ರೂಮು. ನೀರು ತರಲೆಂದು ಎದ್ದು ನಾನು ಬೇಕಾದ ಕಡೆಯಿಂದ ಚಾಪೆಗೆ ಕಾಲಿಟ್ಟರೆ ಅವರು ಗಾಬರಿ ಬಿದ್ದವರಂತೆ ಎದೆ ಹಿಡಿದುಕೊಳ್ಳುತ್ತಿದ್ದರು.

"ಎಂತ ಮಾರಾಯ್ತಿ, ಗೋಡೆ ಒಡೆದು ಬಂದ್ಯಾ? ಈಗಷ್ಟೇ ಸುಣ್ಣ ಹೊಡೆದದ್ದು!"

ನಾನು ಅಲ್ಲಿ ಜೋರಾಗಿ ನಗುತ್ತಿದ್ದೆ. ಪ್ಲೈವುಡ್ಡಿನ ಆಚೆ ಯಾರೂ ಇರಲಿಲ್ಲವಲ್ಲ.

ಅವರ ಇನ್ನೊಂದು ಹಟವೆಂದರೆ, ನೆಂಟರು ಬಾರದೆ ಆ ಮನೆಯಲ್ಲಿ ಊಟ ಶುರುವಾಗುವಂತಿಲ್ಲ. "ಸ್ವಂತ ಮನೆ ಮಾಡಿ ಒಬ್ಬರನ್ನೂ ಕರೀದಿದ್ರೆ ಜನ ಎಂತ ಹೇಳ್ತಾರೆ?" ಎನ್ನುತ್ತಿದ್ದರು. ಯಾವ ಜನ? ಕಣ್ಣು ಹಾಯುವವರೆಗೆ ಮರಳು ಮತ್ತು ನೀರು. ಅವರು ದಿಮ್ಮಿ ಹತ್ತಿ ನಿಂತು ದೂರದ ರಸ್ತೆಯಲ್ಲಿ ಹೋಗುವ ಲಾರಿಗಳಿಗೆ ಟವೆಲ್ ಬೀಸುತ್ತಿದ್ದರು. ಕೆಲವರು ಹಾರ್ನ್ ಹೊಡೆದು ಹೋಗುತ್ತಿದ್ದರು, ಕೆಲವರು ನಿಜವಾಗಿ ಇಳಿದು ಬರುತ್ತಿದ್ದರು. ಯೆಮನಿನ ಲಾರಿ ಚಾಲಕರು, ಮೀನು ಹಿಡಿಯುವವರು, ದಾರಿ ತಪ್ಪಿದ ಒಬ್ಬ ಪಠಾಣ. ಒಮ್ಮೆ ಟವೆಲ್ ಕಂಡು ಕಡಲ ಕಾವಲಿನ ಜೀಪೇ ಧೂಳೆಬ್ಬಿಸಿಕೊಂಡು ಬಂತು. ಯಾರೋ ನೀರಿನಲ್ಲಿ ಮುಳುಗುತ್ತಿದ್ದಾರೆಂದು ಹಗ್ಗ ಹಿಡಿದು ಹಾರಿದ ಇಬ್ಬರು ಸಿಪಾಯಿಗಳಿಗೆ ಕಂಡದ್ದು ಸೌಟು ಹಿಡಿದು ನಿಂತ ನನ್ನ ಗಂಡ. ನಾನು ಇವತ್ತು ಜೈಲೇ ಸೈ ಎಂದುಕೊಂಡೆ. ಅವರು ಸಿಪಾಯಿಗಳಿಗೆ ಮೊದಲು ಬಾಗಿಲು ತೋರಿಸಿ ಬೂಟು ಬಿಚ್ಚಿಸಿದರು. ಆಮೇಲೆ ಪತ್ತಿರಿ ಬಡಿಸಿದರು. ಪತ್ತಿರಿ ಎಂದರೆ ನಮ್ಮಲ್ಲಿ ಮಾಡುವ ತೆಳು ಅಕ್ಕಿ ರೊಟ್ಟಿ. ಆ ಇಬ್ಬರು ಮುಂದಿನ ಶುಕ್ರವಾರವೂ ಬಂದರು. ಯಾರೂ ಹೇಳದೆಯೇ ಬಾಗಿಲಿನಲ್ಲಿ ಬೂಟು ಬಿಚ್ಚಿದರು. ಆ ರಾತ್ರಿಯಿಡೀ ನನ್ನ ಗಂಡನಿಗೆ ಅದೇ ಹೆಮ್ಮೆ.

ಮಗ ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ನಾವು ಊರಿಗೆ ಮರಳಿದೆವು. ಊರಿನಲ್ಲಿ ನಿಜವಾದ ಮನೆ ಕಟ್ಟಿಸಿದರು. ಕಲ್ಲಿನ ಗೋಡೆ, ಹಲಸಿನ ಮರದ ಬಾಗಿಲು. ಆ ಬಾಗಿಲಿನ ವಿಷಯದಲ್ಲಿ ಅವರಿಗೆ ತಮಾಷೆಯೇ ಹೊಳೆಯುತ್ತಿರಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡ ದಿನ ಊರೆಲ್ಲ ಬಂತು. ಎಲ್ಲರೂ ಸರಿಯಾದ ಬಾಗಿಲಿನಿಂದಲೇ ಬಂದರು, ಸರಿಯಾದ ಬಾಗಿಲಿನಿಂದಲೇ ಹೋದರು.

ವರ್ಷದ ದಿನ ಗುರುವಾರ ಬಂತು. ಮಗ ರಜೆ ಹಾಕಿದ. ಬೆಳಿಗ್ಗೆ ನಾನೂ ಸೊಸೆಯೂ ಪತ್ತಿರಿ ತಟ್ಟಿದೆವು, ತೆಂಗಿನ ಹಾಲು ಹಾಕಿ ಕೋಳಿ ಸಾರು ಮಾಡಿದೆವು.

"ಮಾಮಿ, ಒಬ್ಬರಿಗಲ್ವಾ? ಇಷ್ಟೊಂದು ಪತ್ತಿರಿ ಎಂತಕ್ಕೆ?"

"ಬರುವವರಿಗೆ ಎಷ್ಟು ಹಸಿವುಂಟೋ ಯಾರಿಗೆ ಗೊತ್ತು?"

ದೊಡ್ಡ ಪಾತ್ರೆಗೆ ಬಟ್ಟೆ ಸುತ್ತಿ ಕಾರಿನಲ್ಲಿ ನನ್ನ ಕಾಲ ಬಳಿ ಇಟ್ಟುಕೊಂಡೆ. ಪಕ್ಕದಲ್ಲಿ ಮೊಮ್ಮಗಳು. ಅವಳು ನನ್ನನ್ನು ದಾದಿ ಎಂದು ಕರೆಯುತ್ತಾಳೆ, ಶಾಲೆಯಲ್ಲಿ ಉತ್ತರದ ಮಕ್ಕಳಿಂದ ಕಲಿತದ್ದು. ನಾನು ಕನ್ನಡ ಶಾಲೆಯಲ್ಲಿ ಓದಿದವಳು, ನನಗೆ ದಾದಿ ಎಂದರೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವಳು. ಕರೆದಾಗಲೆಲ್ಲ ಒಮ್ಮೆ ಬೆಚ್ಚುತ್ತೇನೆ.

ಮಗ ದಾರಿಯಲ್ಲಿ, "ಅಲ್ಲಿ ಈಗ ಸ್ವಲ್ಪ ಚೇಂಜ್ ಆಗಿದೆ ಉಮ್ಮಾ," ಎಂದಿದ್ದ. ಸ್ವಲ್ಪ! ರಸ್ತೆಯ ಎರಡೂ ಬದಿ ಸಾಲಾಗಿ ಖರ್ಜೂರದ ಮರಗಳು ನಿಂತಿದ್ದವು. ತಂತಿ ಬೇಲಿ, ಗೇಟು, ಬಸ್ಸುಗಳು. ಮತ್ತು ಕಡಲಿನಲ್ಲಿ ಒಂದು ಬಿಳಿ ಕಟ್ಟಡ. ಅಂತಸ್ತಿನ ಮೇಲೆ ಅಂತಸ್ತು, ಅಂತಸ್ತಿಗೆಲ್ಲ ಬಾಲ್ಕನಿ.

"ಕಡಲಿನ ಒಳಗೂ ಫ್ಲಾಟ್ ಕಟ್ಟಿದ್ದಾರಾ?"

"ದಾದಿ, ಅದು ಶಿಪ್! ಕ್ರೂಸ್ ಶಿಪ್!"

ಹಡಗಿನಲ್ಲಿ ಊರೂರು ನೋಡುತ್ತ ತಿರುಗುವವರು ಇಲ್ಲಿ ಇಳಿಯುತ್ತಾರೆ, ಸಂಜೆವರೆಗೆ ಕಡಲು ನೋಡಿ ಮತ್ತೆ ಹತ್ತುತ್ತಾರೆ ಎಂದು ಮಗ ವಿವರಿಸಿದ. ನನಗೆ ಆಶ್ಚರ್ಯವಾಯಿತು. ಕಡಲಿನಲ್ಲೇ ತೇಲುತ್ತ ಬಂದವರಿಗೆ ಮತ್ತೆ ಕಡಲನ್ನೇ ತೋರಿಸುವುದೆ?

ಗೇಟಿನಲ್ಲಿ ಕಾವಲಿನ ಹುಡುಗ ತಡೆದ. ಹಡಗು ಬಂದ ದಿನ ಕೈಗೆ ಪಟ್ಟಿ ಕಟ್ಟಿಕೊಂಡವರಿಗೆ ಮಾತ್ರ ಪ್ರವೇಶ. ಮಗ ಅರಬಿಯಲ್ಲಿ ಕೇಳಿಕೊಂಡ, ಕೈ ಮುಗಿಯುವುದೊಂದು ಬಾಕಿ. ಆಗದು ಎಂದ ಅವನು. ವರ್ಷದ ಈ ದಿನ ಇನ್ನು ನನ್ನ ಕೈಗೆ ಬರುವುದಿಲ್ಲ. ಇವನೇ ಆ ಒಬ್ಬ ಅಪರಿಚಿತ ಇರಬಹುದೆಂದು ಯೋಚಿಸಿ ಪಾತ್ರೆಯ ಬಟ್ಟೆ ಬಿಚ್ಚಿ, ಒಂದು ಪತ್ತಿರಿ ಅವನ ಮುಂದೆ ಹಿಡಿದೆ. ಅವನು ಎದೆಯ ಮೇಲೆ ಕೈಯಿಟ್ಟು, "ಸಾಯಿಮ್, ಖಾಲಾ," ಎಂದ. ಉಪವಾಸ ಇದ್ದೇನೆ ಚಿಕ್ಕಮ್ಮಾ ಎಂದು. ಕೆಲವರು ಗುರುವಾರವೂ ಉಪವಾಸ ಹಿಡಿಯುತ್ತಾರೆ. ಅವನಿಗೆ ಪುಣ್ಯ ಸಿಗಲಿ, ನನ್ನ ನೆಂಟ ಹೋದ.

ಅಷ್ಟರಲ್ಲಿ ಒಳಗಿನಿಂದ ಒಬ್ಬಳು ಸೌದಿ ಹುಡುಗಿ ವಾಕಿಟಾಕಿ ಹಿಡಿದು ಓಡಿ ಬಂದಳು. ನನ್ನ ಕರಿ ಅಬಾಯಾ, ಬಟ್ಟೆ ಸುತ್ತಿದ ಪಾತ್ರೆ, ಕಂಕುಳಿನ ಚಾಪೆ, ಎಲ್ಲವನ್ನೂ ಒಂದು ಸಲ ನೋಡಿದಳು. ಅವಳ ಮುಖ ಅರಳಿತು. "ಎಲ್ಲಿದ್ರಿ ಖಾಲಾ? ನಿಮ್ಮನ್ನೇ ಕಾಯ್ತಾ ಇದ್ದೇವೆ. ಯಲ್ಲಾ, ಯಲ್ಲಾ!" ಎಂದು ಅರಬಿಯಲ್ಲಿ ಹೇಳಿ ನನ್ನ ಕೈ ಹಿಡಿದು ಎಳೆದೇಬಿಟ್ಟಳು. ಅಷ್ಟು ಅರಬಿ ನನಗೆ ಬರುತ್ತದೆ.

"ಒಂದು ನಿಮಿಷ, ಒಂದು ನಿಮಿಷ," ಎನ್ನುತ್ತ ಮಗ ಹಿಂದೆ ಓಡಿದ. ಸೊಸೆ ಅವನ ಅಂಗಿ ಹಿಡಿದೆಳೆದಳು. "ಸುಮ್ನಿರಿ ನೀವು. ಬಿಡ್ತಾ ಇದ್ದಾರಲ್ಲ ಒಳಗೆ!"

ಒಳಗೆ ಸಾಲಾಗಿ ಡೇರೆಗಳು. ಒಂದರಲ್ಲಿ ಗಾವಾ ಎನ್ನುವ ಅರಬಿ ಕಾಫಿ ಕಾಯಿಸುವವನು, ಒಂದರಲ್ಲಿ ಉಣ್ಣೆ ನೇಯುವವಳು, ಒಂದರ ಮುಂದೆ ಮುಂಗೈ ಮೇಲೆ ಗಿಡುಗ ಕೂರಿಸಿಕೊಂಡವನು. ಕೊನೆಯ ಡೇರೆ ಖಾಲಿ. ಅದರ ಮುಂದಿನ ಬೋರ್ಡನ್ನು ಮೊಮ್ಮಗಳು ಓದಿದಳು. "ಹಳೇ ಕಾಲದ ಮನೆ, ಹಳೇ ಕಾಲದ ಅಡುಗೆ ಅಂತ ಬರ್ದಿದೆ ದಾದಿ."

ಮಗ ನನ್ನ ಕಿವಿಯ ಹತ್ತಿರ ಬಗ್ಗಿದ. "ಉಮ್ಮಾ, ಗೊತ್ತಾಯ್ತಾ? ಹಡಗಿನವರಿಗೆ ಊರಿನ ಅಡುಗೆ ತೋರಿಸ್ಲಿಕ್ಕೆ ಇಲ್ಲಿಯ ಹೆಂಗಸು ಒಬ್ರು ಬರ್ಬೇಕಿತ್ತು. ಅವರು ಬರ್ಲಿಲ್ಲ. ಈ ಹುಡುಗಿ ನಿಮ್ಮನ್ನೇ ಅವರು ಅಂತ ತಿಳ್ಕೊಂಡಿದ್ದಾಳೆ."

"ಹೇಳು ಹಾಗಾದ್ರೆ, ನಾನಲ್ಲ ಅಂತ."

ಅವನು ಹೇಳಿದ. ಅವಳು ವಾಕಿಟಾಕಿಯಲ್ಲಿ ಯಾರಿಗೋ ಬೈಯುತ್ತಿದ್ದವಳು ಕೈ ಎತ್ತಿ ತಡೆದಳು. ಇನ್ನೊಮ್ಮೆ ಹೇಳಿದ. ಅವಳು ಅವನ ಪ್ಯಾಂಟು ಶರ್ಟು ನೋಡಿ ಬೇಸರದಿಂದ ತಲೆಯಾಡಿಸಿ, ಕೆಂಪು ಚೌಕುಳಿಯ ತಲೆವಸ್ತ್ರವೊಂದನ್ನು ತಂದು ಅವನ ತಲೆಗೆ ಹಾಕಿ ಸರಿಪಡಿಸಿ ಹೋದಳು. ಕಾರ್ಖಾನೆಯಲ್ಲಿ ಸೇಫ್ಟಿ ಇನ್ಸ್‌ಪೆಕ್ಟರ್ ಆಗಿರುವ ನನ್ನ ಮಗ ಹಳೇ ಕಾಲದ ಮನೆಯ ಯಜಮಾನನಾಗಿ ನಿಂತ. ಸೊಸೆ ವಿಡಿಯೊ ಮಾಡತೊಡಗಿದಳು.

"ಡಿಲೀಟ್ ಮಾಡು ಮಾರಾಯ್ತಿ! ಆಫೀಸಿನವರು ನೋಡಿದ್ರೆ ನಾನು ಇಕಾಮಾ ಕೊಟ್ಟು ಊರಿಗೇ ಹೋಗ್ಬೇಕು!"

ನನ್ನ ಕಣ್ಣು ಬೇರೆ ಕಡೆ ಇತ್ತು. ಡೇರೆಗಳ ಆಚೆ, ನೀರಿನ ಹತ್ತಿರ, ಬಿಳಿ ನೀಲಿ ಬಣ್ಣ ಬಳಿದ ಒಂದು ದಿಮ್ಮಿ ಇತ್ತು. ಮೇಲೊಂದು ದೊಡ್ಡ ಹೃದಯದ ಆಕಾರದ ಚೌಕಟ್ಟು, ಅದರೊಳಗೆ ಮುಖ ತೂರಿಸಿ ಫೋಟೊ ತೆಗೆಸಿಕೊಳ್ಳಲು. ಚೌಕಟ್ಟಿನ ಪಕ್ಕದಲ್ಲಿ ಬಗ್ಗಿದ ಸರಳು. ಅದಕ್ಕೊಂದು ಅಲಂಕಾರದ ಲಾಟೀನು ನೇತು ಹಾಕಿದ್ದರು. ನಾನು ಡೇರೆ ಬಿಟ್ಟು ನೇರ ಅಲ್ಲಿಗೆ ನಡೆದೆ. ಲಾಟೀನು ತೆಗೆದು ಕೆಳಗಿಟ್ಟು ನನ್ನ ಚೀಲ ನೇತು ಹಾಕಿದೆ. ಸರಳು ಚೀಲವನ್ನು ಹಿಡಿದುಕೊಂಡಿತು. ಬಣ್ಣ ಬಳಿದವರು ಅದನ್ನು ನೇರ ಮಾಡಿರಲಿಲ್ಲ. ಅವರಿಗೆ ಒಳ್ಳೆಯದಾಗಲಿ.

ಸೌದಿ ಹುಡುಗಿ ಓಡಿ ಬಂದು ಡೇರೆ ತೋರಿಸಿದಳು. ನಾನು ಚಾಪೆ ಹಾಸಿದೆ. ಅವಳು ತಲೆ ಮೇಲೆ ಕೈ ಹೊತ್ತಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, ಹಿಂದೆ ಕಡಲು ಬರುವುದರಿಂದ ಇದೇ ಚೆನ್ನ ಎಂದು ತೀರ್ಮಾನಿಸಿ ಹೋದಳು.

ನಾನು ರಸ್ತೆ ಕಡೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟೆ. ಬಾಗಿಲಾಯಿತು. ಸಣ್ಣ ದನಿಯಲ್ಲಿ ಕುರಾನಿನ ಯಾಸೀನ್ ಓದಿ, ಅವರಿಗಾಗಿ ದುಆ ಮಾಡಿ, ನೆಂಟರಿಗಾಗಿ ಕಾದು ಕುಳಿತೆ.

ಕಾಯುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಮೊದಲು ಬಂದವನು ಕಸ ಹೆಕ್ಕುವ ಬಾಂಗ್ಲಾದವನು. "ಕೂತ್ಕೊಳ್ಳಿ ಭಾಯ್," ಎಂದೆ. ಅವನು ಆಚೀಚೆ ನೋಡಿ, ಸೂಪರ್‌ವೈಸರ್ ಕಂಡರೆ ಕಷ್ಟ ಅಮ್ಮಾ ಎಂದು ಹಿಂದಿಯಲ್ಲಿ ಹೇಳಿ, ಕಾಗದದಲ್ಲಿ ಸುತ್ತಿ ಕೊಟ್ಟರೆ ಆಮೇಲೆ ತಿನ್ನುತ್ತೇನೆ ಎಂದ. ಸುತ್ತಿ ಕೊಟ್ಟೆ. ಸಂತೋಷವೇ. ಆದರೆ ನನ್ನ ಗಂಡ ಪಾರ್ಸೆಲನ್ನು ಒಪ್ಪುವವರಲ್ಲ. ಮನೆಯೊಳಗೆ ಬಾರದವನು ನೆಂಟನಾಗುವುದು ಹೇಗೆ? ಸೌದಿ ಹುಡುಗಿಯನ್ನು ಕರೆದೆ, ಅವಳಿಗೆ ಡಯಟ್, ರೊಟ್ಟಿ ಮುಟ್ಟುವಂತಿಲ್ಲ. ಗಿಡುಗದವನನ್ನು ಕರೆದೆ, ಅವನಿಗೆ ಗಿಡುಗ ಬಿಟ್ಟು ಕೂರುವಂತಿಲ್ಲ. ಗಿಡುಗ ಮಾತ್ರ ನನ್ನ ಪಾತ್ರೆಯ ಕೋಳಿಯನ್ನು ಬಹಳ ಆಸಕ್ತಿಯಿಂದ ನೋಡಿತು.

ಆಮೇಲೆ ಹಡಗಿನವರು ಬಂದರು. ದೊಡ್ಡ ಟೋಪಿ, ಕರಿ ಕನ್ನಡಕ, ಮೂಗಿನ ಮೇಲೆಲ್ಲ ಬಿಳಿ ಕ್ರೀಮು. ಸಣ್ಣ ದೋಣಿಗಳಲ್ಲಿ ಕಟ್ಟೆಗೆ ಇಳಿದು ನೀರಿನಂಚಿನಲ್ಲಿ ನಡೆದು ಬಂದರು. ನಮ್ಮನ್ನು ಕಂಡು ನಿಂತರು. ಪತ್ತಿರಿಯ ಫೋಟೊ ತೆಗೆದರು, ನನ್ನ ಕೈಯ ಫೋಟೊ ತೆಗೆದರು, ತಲೆವಸ್ತ್ರ ಹಾಕಿದ ಮಗನನ್ನು ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ ತೆಗೆದರು. ಮೊಮ್ಮಗಳು ಇಂಗ್ಲಿಷಿನಲ್ಲಿ, "ಬನ್ನಿ, ತಿನ್ನಿ, ಫ್ರೀ," ಎಂದು ಕೂಗಿದಳು. ಅವರು ನಕ್ಕು ಕೈ ಬೀಸಿ ಮುಂದೆ ಹೋದರು. ಒಬ್ಬರೂ ಕೂರಲಿಲ್ಲ.

"ಹೊರಗೆ ಎಂತದೂ ತಿನ್ಬೇಡಿ ಅಂತ ಹಡಗಿನಲ್ಲಿ ಹೇಳಿರ್ತಾರೆ ಮಾಮಿ," ಎಂದಳು ಸೊಸೆ.

ಬಿಸಿಲು ಏರಿತು. ದಿಮ್ಮಿಯ ನೆರಳು ಅಡುಗೆಮನೆಯಷ್ಟೇ ಆಯಿತು. ಕೊನೆಗೆ ಒಬ್ಬಳು ಎತ್ತರದ ಮುದುಕಿ, ಹುಲ್ಲಿನ ಟೋಪಿಯವಳು, ಕಡಲ ಕಡೆಯಿಂದ ಬಂದು, ನನ್ನನ್ನು ನೋಡಿ ನಕ್ಕು, ಕೂರಲೆಂದು ಚಾಪೆಯ ಮೇಲೆ ಕಾಲೆತ್ತಿದಳು. ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಎಂತ ಮಾರಾಯ್ತಿ, ಗೋಡೆ ಒಡೆದು ಬಂದ್ಯಾ?"

ಸಣ್ಣ ದನಿಯಲ್ಲಿ ಅಲ್ಲ. ಅವರು ಹೇಳುತ್ತಿದ್ದಷ್ಟೇ ಜೋರಾಗಿ. ಆ ಮುದುಕಿ ಕೆಂಡ ತುಳಿದವಳಂತೆ ಕಾಲು ಹಿಂದೆಳೆದುಕೊಂಡು, ಸಾರಿ ಸಾರಿ ಎನ್ನುತ್ತ ನಡೆದೇಬಿಟ್ಟಳು.

"ಉಮ್ಮಾ!" ಮಗ ತಲೆವಸ್ತ್ರ ಕಿತ್ತ. "ಬೆಳಿಗ್ಗೆಯಿಂದ ಒಬ್ರು ಬಂದದ್ದು! ಅವರನ್ನೂ ಬೈದು ಓಡಿಸಿದ್ರಲ್ಲ!"

"ನಾನು ಬೈದದ್ದಲ್ಲ. ನಿನ್ನ ಉಪ್ಪ ಬೈದದ್ದು."

ಅವನು ನಗುತ್ತಾನೆಂದುಕೊಂಡೆ. ನಗಲಿಲ್ಲ. ನಾನೂ ನಗಲಿಲ್ಲ. ಪಾತ್ರೆಯ ಮುಚ್ಚಳ ಮುಚ್ಚಿದೆ. ಉಣ್ಣುವವರಿಲ್ಲದೆ ಈ ಅಡುಗೆಯನ್ನು ಮತ್ತೆ ಕಾರಿಗೆ ಹೊತ್ತುಕೊಂಡು ಹೋಗುವುದು ಹೇಗೆ? ಅವರಿದ್ದಾಗ ಹಾಗೆ ಒಂದು ಸಲವೂ ಆಗಿರಲಿಲ್ಲ.

ಬಾಗಿಲಿನ ಕಡೆ ನೋಡಿದೆ. ನನ್ನ ಚಪ್ಪಲಿ ರಸ್ತೆಗೆ ಮುಖ ಮಾಡಿ ಕುಳಿತಿತ್ತು. ಆ ಕಡೆ ಈಗ ಇದ್ದದ್ದು ತಂತಿ ಬೇಲಿ, ಬಸ್ಸುಗಳ ಬೆನ್ನು. ಅಲ್ಲಿಂದ ಯಾರೂ ಬರುವಂತಿರಲಿಲ್ಲ. ಬರುವವರೆಲ್ಲ ಕಡಲಿನಿಂದ ಬರುತ್ತಿದ್ದರು, ನಮ್ಮ ಹಿಂದಿನ ಗೋಡೆಯ ಕಡೆಯಿಂದ. ನನ್ನ ಗಂಡ ಬಾಗಿಲನ್ನು ರಸ್ತೆಗೆ ಇಟ್ಟದ್ದು ರಸ್ತೆ ಚಂದವೆಂದಲ್ಲವಲ್ಲ. ಆಗ ಜನ ಬರುತ್ತಿದ್ದದ್ದು ಅಲ್ಲಿಂದ.

ನಾನು ಎದ್ದು ಚಪ್ಪಲಿ ಎತ್ತಿಕೊಂಡೆ. ಆಚೆಗೆ ಹೋಗಿ ಕಡಲ ಕಡೆಯ ಅಂಚಿನಲ್ಲಿ, ನೀರಿಗೆ ಮುಖ ಮಾಡಿ ಇಟ್ಟೆ. ಗಂಡ ಇಟ್ಟ ಬಾಗಿಲನ್ನು ಅವರನ್ನು ಕೇಳದೆ ಬದಲಾಯಿಸಿದ್ದೆ. ಮಗ ನೋಡುತ್ತಿದ್ದ. ಅವನೂ ಬೂಟು ಬಿಚ್ಚಿ ತಂದು ನನ್ನ ಚಪ್ಪಲಿಯ ಪಕ್ಕದಲ್ಲಿಟ್ಟ. ಸೊಸೆಯೂ ಮೊಮ್ಮಗಳೂ ತಮ್ಮದನ್ನು ತಂದಿಟ್ಟರು.

ಸ್ವಲ್ಪ ಹೊತ್ತಿಗೆ ಹುಲ್ಲಿನ ಟೋಪಿಯವಳು ಗಂಡನನ್ನು ಕರೆದುಕೊಂಡು ಹಿಂದಿರುಗಿ ಬಂದಳು. ತನಗೆ ಬೈದ ಜಾಗವನ್ನು ತೋರಿಸಲಿಕ್ಕೋ ಏನೋ. ಗಂಡ ದಪ್ಪ ಮುದುಕ, ಬಿಸಿಲಿಗೆ ಬೇಯಿಸಿದ ಸೀಗಡಿಯಂತೆ ಕೆಂಪಾಗಿದ್ದ. ಅವನು ಸಾಲಾಗಿದ್ದ ಚಪ್ಪಲಿಗಳನ್ನು ನೋಡಿದ. ತನ್ನ ಕಾಲನ್ನು ನೋಡಿಕೊಂಡ. ಹೆಂಡತಿಗೆ ಏನೋ ಹೇಳಿದ. "ನೋಡು, ನೀನು ಚಪ್ಪಲಿ ಬಿಚ್ಚದೆ ಹೋಗಿದ್ದಿ ಅಂತ ಹೇಳಿದ್ರು," ಎಂದು ಮೊಮ್ಮಗಳು ನನಗೆ ಹೇಳಿದಳು. ಹೆಂಡತಿಗೆ ಕಲಿಸುವ ಅವಕಾಶ ಸಿಕ್ಕಿದ ಸಂತೋಷ ಯಾವ ದೇಶದ ಗಂಡನ ಮುಖದಲ್ಲೂ ಒಂದೇ ತರಹ ಇರುತ್ತದೆ. ಇಬ್ಬರೂ ಚಪ್ಪಲಿ ಬಿಟ್ಟು, ಬಾಗಿಲಿನಿಂದ ಒಳಗೆ ಬಂದು ಕುಳಿತರು.

ನಾನು ಬಡಿಸಿದೆ. ಮುದುಕ ಪತ್ತಿರಿ ಹರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ನಾನು ಮನಸ್ಸಿನಲ್ಲೇ ನನ್ನ ಗಂಡನ ಹೆಸರು ಹೇಳಿಕೊಂಡೆ. ಮುದುಕನ ಕಣ್ಣಿನಲ್ಲಿ ನೀರು ಬಂತು. ಭಕ್ತಿಯಿಂದಲ್ಲ, ಬ್ಯಾಡಗಿ ಮೆಣಸಿನಿಂದ. ಮೊದಲೇ ಕೆಂಪಗಿದ್ದವನು ಇನ್ನೂ ಕೆಂಪಾದ. ಮಗ ಗಾಬರಿಯಾಗಿ ನೀರು ಕೊಟ್ಟ. ಮುದುಕ ನೀರು ಕುಡಿದು, ಮೂಗು ಒರೆಸಿಕೊಂಡು, ಇನ್ನೊಂದು ಪತ್ತಿರಿಗೆ ಕೈ ಚಾಚಿದ.

ಅವನು ಕುಳಿತದ್ದು ಕಂಡು ಇನ್ನಿಬ್ಬರು ಬಂದರು. ಆ ಇಬ್ಬರನ್ನು ಕಂಡು ಒಂದು ಗುಂಪು ಬಂತು. ಎಲ್ಲರೂ ಮೊದಲು ಚಪ್ಪಲಿ ಬಿಟ್ಟರು. ನಮ್ಮ ಬಾಗಿಲು ಜುಮಾ ದಿನದ ಮಸೀದಿಯ ಮೆಟ್ಟಿಲಿನಂತಾಯಿತು. ಚಾಪೆಯಲ್ಲಿ ಜಾಗವಿಲ್ಲದೆ ಮಗನೂ ಸೊಸೆಯೂ ಮರಳಿನಲ್ಲಿ, ಎಂದರೆ ಗೋಡೆಯ ಹೊರಗೆ, ನಿಂತು ಬಡಿಸಿದರು. ಒಬ್ಬರಿಗೆಂದು ಮಾಡಿದ ಅಡುಗೆ ಸಾಲುತ್ತದೋ ಇಲ್ಲವೋ ಎಂದು ಸೊಸೆ ಪಾತ್ರೆಯೊಳಗೆ ಇಣುಕುತ್ತಿದ್ದಳು. "ನಾಳೆ ಇವರ ಹೊಟ್ಟೆಗೆ ಎಂತಾದ್ರೂ ಆದ್ರೆ ಹಡಗು ವಾಪಸ್ ಬರ್ಬಹುದು," ಎಂದು ಮಗ ಗೊಣಗಿದ. ಸೇಫ್ಟಿ ಇನ್ಸ್‌ಪೆಕ್ಟರ್ ಅಲ್ಲವೆ?

ಕೆಂಪು ಮುದುಕ ಬೆರಳು ನೆಕ್ಕುತ್ತ ಈ ಮನೆಯ ವಿಷಯ ಕೇಳಿದ. ಮೊಮ್ಮಗಳು ನನ್ನಿಂದ ಕೇಳಿ ಅವನಿಗೆ ಹೇಳಿದಳು. ಇದು ಅಡುಗೆಮನೆ. ಇದು ಹಾಲ್. ನೀವು ಕೂತದ್ದು ಅಪ್ಪನ ಬೆಡ್‌ರೂಮಿನ ಒಳಗೆ. ಮುದುಕ ಮಗನ ಕಡೆ ತಿರುಗಿ ಗಂಭೀರವಾಗಿ ಕ್ಷಮೆ ಕೇಳಿ ಹಾಲ್‌ಗೆ ಸರಿದು ಕುಳಿತ. ಈ ಮನೆ ಕಟ್ಟಿದವರು ಯಾರು ಎಂದ. ನನ್ನ ಅಜ್ಜ ಎಂದಳು. ಎಲ್ಲಿದ್ದಾರೆ ಎಂದ. ಮೊಮ್ಮಗಳು ನನ್ನ ಮುಖ ನೋಡಿ, ಆಮೇಲೆ ಮೆಲ್ಲಗೆ ಏನೋ ಹೇಳಿದಳು. ಹುಲ್ಲಿನ ಟೋಪಿಯವಳು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ. ಬೇರೆ ಏನು ಮಾಡುವುದೆಂದು ತಿಳಿಯಲಿಲ್ಲ.

ಹಡಗು ಕೂಗಿತು. ಎಲ್ಲರೂ ದಡಬಡಿಸಿ ಎದ್ದರು. ಎಲ್ಲರೂ ಬಾಗಿಲಿನಿಂದಲೇ ಹೊರಟರು, ಅದರಿಂದಾಗಿ ಬಾಗಿಲಿನಲ್ಲಿ ನೂಕುನುಗ್ಗಲು. ಚಪ್ಪಲಿಗಳ ರಾಶಿಯಲ್ಲಿ ಒಬ್ಬರ ಕಾಲು ಇನ್ನೊಬ್ಬರದರಲ್ಲಿ. ಅವರೆಲ್ಲ ಹೋದ ಮೇಲೆ ನೋಡಿದರೆ ನನ್ನ ಚಪ್ಪಲಿ ಇಲ್ಲ. ಅದರ ಜಾಗದಲ್ಲಿ ಗುಲಾಬಿ ಬಣ್ಣದ, ಹೂವಿರುವ, ದೋಣಿಯಷ್ಟು ದೊಡ್ಡ ಒಂದು ಜೊತೆ.

"ಮಸೀದಿಯಲ್ಲಿ ಹೋಗುವ ಹಾಗೆ ಇಲ್ಲಿಯೂ ಹೋಯ್ತಲ್ಲ!" ಎಂದು ಸೊಸೆ ನಕ್ಕಳು. ನನ್ನ ಚಪ್ಪಲಿ ಈಗ ಯಾವ ಸಮುದ್ರದಲ್ಲಿದೆಯೋ. ಗುಲಾಬಿಯದ್ದನ್ನು ಈಗ ಮನೆಯೊಳಗೆ ಹಾಕಿಕೊಳ್ಳುತ್ತೇನೆ. ನಡೆದರೆ ಟಪ್ ಟಪ್ ಎನ್ನುತ್ತದೆ.

ಪಾತ್ರೆಯ ತಳದಲ್ಲಿ ಒಂದು ಪತ್ತಿರಿ ಉಳಿದಿತ್ತು. ನೆಂಟರು ಉಂಡ ಮೇಲೆಯೇ ಮನೆಯವರು ಉಣ್ಣುವುದು ನನ್ನ ಗಂಡನ ಕ್ರಮ. ಅದನ್ನು ನಾಲ್ಕು ತುಂಡು ಮಾಡಬೇಕೆನ್ನುವಾಗ ಗೇಟಿನ ಕಡೆ ಗದ್ದಲವಾಯಿತು. ನನ್ನದೇ ವಯಸ್ಸಿನ, ದಪ್ಪಗಿನ ಸೌದಿ ಹೆಂಗಸೊಬ್ಬಳು ತಲೆಯಷ್ಟು ದೊಡ್ಡ ಪಾತ್ರೆ ಹಿಡಿದು, ಕಾವಲಿನ ಹುಡುಗನಿಗೆ ಬೈಯುತ್ತ ಒಳಗೆ ಬರುತ್ತಿದ್ದಳು. ಬರಬೇಕಾಗಿದ್ದ ಹೆಂಗಸು ಅವಳೇ. ಬೆಳಿಗ್ಗೆ ಸ್ವಲ್ಪ ತಡವಾಗಿ ಬಂದವಳನ್ನು ಆ ಹುಡುಗ, ಅಡುಗೆಯ ಖಾಲಾ ಆಗಲೇ ಒಳಗೆ ಹೋಗಿಯಾಯಿತು ಎಂದು ಹಿಂದೆ ಕಳುಹಿಸಿದ್ದನಂತೆ. ಅವಳು ಮನೆಯವರೆಗೆ ಹೋಗಿ, ಸಿಟ್ಟು ತಡೆಯಲಾರದೆ ಮತ್ತೆ ಬಂದಿದ್ದಳು.

ವಾಕಿಟಾಕಿಯ ಹುಡುಗಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಹಾಗಾದರೆ ನೀವು ಯಾರು?" ಎಂದು ಕೇಳಿದಳು. ಮಗ ಮೂರನೇ ಸಲ ಹೇಳಿದ. ಈ ಸಲ ಅವಳು ಕೇಳಿಸಿಕೊಂಡಳು. ಬಾಯಿಯ ಮೇಲೆ ಕೈಯಿಟ್ಟು ನಿಂತಳು. ಬೈಯುತ್ತಾಳೆಂದುಕೊಂಡೆ. ಅವಳು ದಿವಂಗತರಿಗೆ ಹೇಳುವ ಪ್ರಾರ್ಥನೆಯ ಮಾತು ಹೇಳಿ, ಗುಲಾಬಿ ಚಪ್ಪಲಿಯ ಪಕ್ಕದಲ್ಲಿ ತನ್ನ ಶೂ ಬಿಚ್ಚಿಟ್ಟು ಒಳಗೆ ಬಂದು ಕುಳಿತು, ಕೊನೆಯ ಪತ್ತಿರಿಯ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಡಯಟ್ ಮುಗಿಯಿತು.

ಬಂದ ಹೆಂಗಸು ಎಲ್ಲವನ್ನೂ ಕೇಳುತ್ತ ನಿಂತಿದ್ದಳು. ನಮ್ಮ ಖಾಲಿ ಪಾತ್ರೆ ನೋಡಿದಳು. ನನಗಿನ್ನೂ ಊಟವಾಗಿಲ್ಲವೆಂದು ಯಾರೂ ಹೇಳದೆಯೇ ತಿಳಿದುಕೊಂಡಳು. ತನ್ನ ಪಾತ್ರೆಯ ಮುಚ್ಚಳ ತೆಗೆದಳು. ಮೀನು ಮತ್ತು ಅನ್ನ, ಮನೆಯಲ್ಲಿ ಮತ್ತೆ ಬಿಸಿ ಮಾಡಿ ತಂದದ್ದು, ಇನ್ನೂ ಹಬೆಯಾಡುತ್ತಿತ್ತು. ಗೇಟಿನಿಂದ ಬಂದವಳಾದ್ದರಿಂದ ರಸ್ತೆ ಕಡೆಯ ಅಂಚಿನಲ್ಲೇ ಚಪ್ಪಲಿ ಬಿಟ್ಟು, ಬಿಸ್ಮಿಲ್ಲಾ ಎಂದು ಚಾಪೆಗೆ ಕಾಲಿಟ್ಟಳು.

ಮಗ ನನ್ನ ಕಡೆ ಬಗ್ಗಿದ. ಎಷ್ಟೋ ವರ್ಷಗಳ ಹಿಂದೆ ಬೆಡ್‌ರೂಮಿನ ಮೂಲೆಯಲ್ಲಿ ಮಲಗಿ ಕೇಳಿದ ಮಾತು ಅವನಿಗೂ ನೆನಪಿತ್ತು.

"ಉಮ್ಮಾ, ಅವರು ಗೋಡೆ ಒಡೆದು ಬಂದ್ರು."

"ಸುಮ್ನಿರು," ಎಂದೆ. "ಅದು ಹಳೇ ಬಾಗಿಲು."